ನೀಲಿ ತಿರುಗಿದ ಗುದ್ದಲಿ

ಅಪ್ಪನ ಕಾಲದ ಗುದ್ದಲಿಯೊಂದನ್ನು ಹೋದ ಬೇಸಿಗೆಯಲ್ಲಿ ನಾನು ಹತ್ತೇ ನಿಮಿಷದಲ್ಲಿ ಕೆಡಿಸಿದೆ. ಅಡಿಕೆ ಸಸಿಗೆ ಗುಂಡಿ ತೆಗೆಯುವ ಕೆಲಸ ಶುರುವಾಗಿತ್ತು. ಕೆಲಸಕ್ಕೆ ಬಂದವರೊಬ್ಬರು ನಾಲ್ಕು ಏಟು ಹಾಕಿ, ‘ಇದು ಮಣ್ಣು ಕಡಿಯೋದಿಲ್ಲ, ಮಣ್ಣಿಗೆ ಮುತ್ತು ಕೊಡ್ತದೆ’ ಎಂದು ಗುದ್ದಲಿಯನ್ನು ಪಕ್ಕಕ್ಕಿಟ್ಟರು. ನನಗೋ ಹಿಂದಿನ ವಾರವಷ್ಟೇ ಪೇಟೆಯಿಂದ ತಂದ ನಾಲ್ಕಿಂಚಿನ ಆಂಗಲ್ ಗ್ರೈಂಡರಿನ ಉಮೇದು. (ಫೋನಿನಲ್ಲಿ ‘ಗ್ರೈಂಡರ್ ತಗೊಂಡೆ’ ಎಂದದ್ದಕ್ಕೆ ಮನೆಯಲ್ಲಿ ಇಡ್ಲಿಗೆ ಅಕ್ಕಿ ನೆನೆಹಾಕಿದ್ದರು. ಅದು ಬೇರೆ ಕತೆ.) ಅಂತೂ ಪ್ಲಗ್ ಚುಚ್ಚಿದೆ, ಗುದ್ದಲಿಯನ್ನು ಕಾಲಲ್ಲಿ ಒತ್ತಿ ಹಿಡಿದೆ, ಡಿಸ್ಕನ್ನು ಅಂಚಿಗೆ ಒತ್ತಿದೆ. ಸುರುಸುರು ಬತ್ತಿಯ ಹಾಗೆ ಕಿಡಿ ಹಾರಿತು. ಕಿಲುಬು ಹೋಗಿ ಬೆಳ್ಳಿಯಂಥ ಅಂಚು ಬಂತು. ಅದರ ಬೆನ್ನಿಗೇ ನವಿಲಿನ ಕೊರಳಿನಂಥ ನೀಲಿ ಪಟ್ಟಿಯೊಂದು ಮೂಡಿತು. ಚೆಂದವಾಗಿದೆ ಎಂದುಕೊಂಡೆ.

ಮೂರನೆಯ ದಿನಕ್ಕೆ ಆ ಅಂಚು ಡಬ್ಬಿಯ ತಗಡಿನಂತೆ ಮಡಚಿಕೊಂಡಿತ್ತು. ಕುಲುಮೆಗೆ ಒಯ್ದೆ. ಆಚಾರ್ರು ಗುದ್ದಲಿಯ ಬಾಯನ್ನು ಹೆಬ್ಬೆರಳಲ್ಲಿ ಸವರಿ, ಬೆಳಕಿಗೆ ಹಿಡಿದು ನೋಡಿ ಹೇಳಿದ್ದಿಷ್ಟೆ: ‘ನಾನು ಬಣ್ಣ ನೋಡಿ ಹದ ಹಾಕ್ತೇನೆ. ನೀವು ಬಣ್ಣ ಬರಿಸಿ ಹದ ತೆಗೆದಿದ್ದೀರಿ ಮಾರಾಯ್ರೆ.’

ಆ ಮಾತಿನ ಅರ್ಥ ಪೂರ್ತಿ ತಿಳಿಯಲು ಅವರ ಕುಲುಮೆಯ ಮುಂದೆ ಅರ್ಧ ದಿನ ಕೂರಬೇಕಾಯಿತು. ಮಡಚಿದ ಭಾಗವನ್ನು ತಟ್ಟಿ ನೇರ ಮಾಡಿ, ಅಂಚನ್ನು ತೆಳುವಾಗಿ ಎಳೆದ ಮೇಲೆ ಅವರು ಗುದ್ದಲಿಯನ್ನು ಮತ್ತೆ ಕೆಂಡದಲ್ಲಿಟ್ಟರು. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ. ಅಂಚು ಹಣ್ಣುಹಣ್ಣು ಕೆಂಪಾದಾಗ, ಅಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿಗೆ ಬಂದಾಗ, ಹೊರತೆಗೆದು ಬಾಯಿಯ ಎರಡು ಬೆರಳಗಲವನ್ನು ಮಾತ್ರ ನೀರಿಗೆ ಅದ್ದಿದರು. ಚುಂಯ್ ಎಂದಿತು. ಆ ಕ್ಷಣದಲ್ಲಿ ಅಂಚು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು; ಕಲ್ಲಿಗೆ ತಾಗಿದರೆ ಚೂರಾಗಿ ಹೋದೀತು. ಹಾಗಾಗಿ ಅದನ್ನು ತುಸು ಇಳಿಸಬೇಕು. ಗುದ್ದಲಿಯ ಮೈಯಲ್ಲಿ ಇನ್ನೂ ಶಾಖ ಉಳಿದಿರುತ್ತದೆ. ಆಚಾರ್ರು ಒಂದು ಇಟ್ಟಿಗೆ ಚೂರಿನಿಂದ ಅಂಚನ್ನು ತಿಕ್ಕಿ ಬೆಳ್ಳಗೆ ಮಾಡಿ, ಸುಮ್ಮನೆ ನೋಡುತ್ತ ನಿಂತರು. ಮೈಯ ಕಾವು ಮೆಲ್ಲಗೆ ಬಾಯಿಯತ್ತ ಹರಿಯಿತು. ಅದರ ಜೊತೆಗೆ ಬಣ್ಣಗಳೂ ಹರಿದು ಬಂದವು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ತಮಗೆ ಬೇಕಾದ ಬಣ್ಣ ಅಂಚಿಗೆ ತಲುಪಿದ್ದೇ ತಡ, ಇಡೀ ಗುದ್ದಲಿಯನ್ನು ನೀರಿಗಿಳಿಸಿದರು. ಅಲ್ಲಿಗೆ ಹದ ನಿಂತಿತು.

ಈ ಬಣ್ಣಗಳಲ್ಲಿ ಮಾಯವೇನೂ ಇಲ್ಲ. ಕಾದ ಉಕ್ಕಿನ ಮೇಲೆ ಗಾಳಿಯ ಆಮ್ಲಜನಕ ಸೇರಿ ತೀರಾ ತೆಳುವಾದ ಪೊರೆ ಕಟ್ಟುತ್ತದೆ. ಕಾವು ಏರಿದಂತೆ ಪೊರೆ ದಪ್ಪವಾಗುತ್ತದೆ, ಬಣ್ಣ ಬದಲಾಗುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲು ಬಿದ್ದಾಗ ಕಾಣುವ ಕಾಮನಬಿಲ್ಲು ಮೂಡುವುದೂ ಹೀಗೇ. ಸಾದಾ ಇಂಗಾಲದ ಉಕ್ಕಿನಲ್ಲಿ ಹಳದಿ ಎಂದರೆ ಸುಮಾರು 220 ಡಿಗ್ರಿ, ಕಂದು 250ರ ಆಸುಪಾಸು, ನೇರಳೆ 280ರ ಹತ್ತಿರ, ನೀಲಿ 300. ಅದನ್ನೂ ದಾಟಿದರೆ ಬೂದಿ ಬಣ್ಣ. ಹಳದಿಯಿಂದ ಬೂದಿಯ ಕಡೆಗೆ ಹೋದಂತೆ ಉಕ್ಕು ಮೆತ್ತಗಾಗುತ್ತ, ಬಾಗುವ ಗುಣ ಹೆಚ್ಚಾಗುತ್ತ ಹೋಗುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕಮ್ಮಾರರು ಕಣ್ಣಿನಲ್ಲೇ ಇದನ್ನು ಅಳೆದರು, ಇವತ್ತಿಗೂ ಅಳೆಯುತ್ತಾರೆ.

ಗ್ರೈಂಡರ್ ಮಾಡುವುದೂ ಇದೇ ಕೆಲಸವನ್ನೇ, ಆದರೆ ಹೇಳದೆ ಕೇಳದೆ. ನಾಲ್ಕಿಂಚಿನ ಯಂತ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿ ನೋಡಿ, ಡಿಸ್ಕಿನ ಹೊರ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಉಕ್ಕನ್ನು ಉಜ್ಜುತ್ತಿರುತ್ತದೆ. ಆ ಉಜ್ಜಾಟದ ಶಾಖ ಗುದ್ದಲಿಯ ದಪ್ಪ ಮೈಗೆ ಲೆಕ್ಕಕ್ಕಿಲ್ಲ, ಅಲ್ಲಿ ಹರಡಿ ಹೋಗುತ್ತದೆ. ಕಾಗದದಷ್ಟು ತೆಳುವಾದ ಅಂಚಿಗೆ ಮಾತ್ರ ಹರಡಲು ಜಾಗವೇ ಇಲ್ಲ. ಎರಡು ಸೆಕೆಂಡು ಒಂದೇ ಕಡೆ ಒತ್ತಿದರೆ ಸಾಕು, ಹಳದಿ ಬಂದದ್ದೂ ಹೋದದ್ದೂ ಕಾಣದೆ ನೇರ ನೀಲಿಗೆ ಬಂದು ನಿಂತಿರುತ್ತದೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನೀಲಿ ಕಂಡ ತಕ್ಷಣ ಎಲ್ಲ ಮುಗಿಯಿತು ಎಂದು ಬಡಗಿ ಗೋಳಾಡಿದರೆ ಅದು ಸರಿ, ಏಕೆಂದರೆ ಅವನ ಉಳಿ ಹಳದಿಯ ಹದದಲ್ಲಿರುತ್ತದೆ. ಗುದ್ದಲಿ, ಪಿಕಾಸಿಗಳಿಗೆ ಅಷ್ಟು ಗಟ್ಟಿ ಹದ ಇರುವುದಿಲ್ಲ. ಕಲ್ಲಿಗೆ ಬಡಿದಾಗ ಮುರಿಯಬಾರದೆಂದು ಕಮ್ಮಾರನೇ ಅವನ್ನು ನೇರಳೆಗೋ ತಿಳಿನೀಲಿಗೋ ಇಳಿಸಿರುತ್ತಾನೆ. ಹಾಗಾಗಿ ಅಂಚಿನಲ್ಲಿ ಹುಲ್ಲಿನ ಹಳದಿ ಮಿಂಚಿದರೆ ಗುದ್ದಲಿಗೆ ಏನೂ ಆಗಿಲ್ಲ. ನೀಲಿ ಅಪಾಯದ ಗೆರೆ. ಅದನ್ನು ದಾಟಿ ಬೂದಿಯಾದರೆ ಮಾತ್ರ ಬಾಯಿ ಸತ್ತಂತೆ. ನಾನು ಅವತ್ತು ನೀಲಿಗೆ ಖುಷಿಪಟ್ಟು ಇನ್ನೆರಡು ನಿಮಿಷ ಉಜ್ಜಿದ್ದೆ, ಕೆಟ್ಟದ್ದು ಅಲ್ಲೇ.

ಇನ್ನೊಂದು ತಪ್ಪು ಕಲ್ಪನೆಯೂ ನನಗಿತ್ತು. ಬಣ್ಣ ಬಂದ ಮೇಲೆ ಬೇಗ ನೀರಿಗೆ ಅದ್ದಿದರೆ ಹದ ವಾಪಸು ಬರುತ್ತದೆ ಎಂದುಕೊಂಡಿದ್ದೆ. ಬರುವುದಿಲ್ಲ. ಹದ ಕೂರಬೇಕಾದರೆ ಕಬ್ಬಿಣ ಕೆಂಡವಾಗಬೇಕು; ನೀಲಿಯ ಕಾವಿನಲ್ಲಿ ಅದ್ದಿದರೆ ತಣ್ಣಗಾದ ಮೆತ್ತನೆಯ ಗುದ್ದಲಿ ಸಿಗುತ್ತದೆ, ಅಷ್ಟೆ. ಬಕೆಟ್ಟಿನ ನೀರಿನ ಉಪಯೋಗವಿರುವುದು ಬಣ್ಣ ಬರುವ ಮುಂಚೆ. ಎರಡು ಮೂರು ಸಲ ಡಿಸ್ಕ್ ಸವರಿದ ಮೇಲೆ ಯಂತ್ರ ನಿಲ್ಲಿಸಿ ಅಂಚಿನ ಹಿಂಬದಿಯನ್ನು ಬರಿಗೈಯಲ್ಲಿ ಮುಟ್ಟಿ. ಬೆರಳು ಇಟ್ಟುಕೊಂಡಿರಲು ಆಗುವುದಿಲ್ಲವೆಂದರೆ ಒದ್ದೆ ಬಟ್ಟೆ ಒತ್ತಿ, ಕಾಯಿರಿ. ಬೆರಳು ತಾಳುವ ಕಾವಿನಲ್ಲಿ ಯಾವ ಉಕ್ಕಿನ ಹದವೂ ಕೆಡುವುದಿಲ್ಲ. ಅಕಸ್ಮಾತ್ ಬೂದಿಯಾಗಿಯೇ ಹೋಯಿತೆನ್ನಿ. ಸತ್ತ ಭಾಗ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ಅಷ್ಟೇ ಇರುತ್ತದೆ. ಅದನ್ನು ನಿಧಾನವಾಗಿ ಅರದಲ್ಲಿ ಉಜ್ಜಿ ತೆಗೆದರೆ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ. ಎಷ್ಟು ಸಲ ಹಾಗೆ ತೆಗೆಯಬಹುದು ಎಂಬುದೇ ಪ್ರಶ್ನೆ, ಏಕೆಂದರೆ ಹದ ಹಾಕಿದ ಭಾಗ ಇರುವುದೇ ಎರಡು ಬೆರಳಗಲ.

ಹದವೇ ಇಲ್ಲದ ಗುದ್ದಲಿಗಳೂ ಅಂಗಡಿಯಲ್ಲಿ ಧಾರಾಳ ಸಿಗುತ್ತವೆ. ಬಣ್ಣ ಬಳಿದು ಹೊಳೆಯುತ್ತಿರುತ್ತವೆ, ಒಳಗೆ ಬರೀ ಮೆತ್ತನೆಯ ಕಬ್ಬಿಣ. ಇದನ್ನು ಕಂಡುಹಿಡಿಯುವುದರಲ್ಲಿ ಮಾತ್ರ ಗ್ರೈಂಡರಿಗೆ ಸಾಟಿಯಿಲ್ಲ. ಗುದ್ದಲಿಯ ಮೇಲ್ಭಾಗದ ಒಂದು ಮೂಲೆಗೆ ಡಿಸ್ಕನ್ನು ಸುಮ್ಮನೆ ತಾಗಿಸಿ ಕಿಡಿಯನ್ನು ನೋಡಿ, ಹಿಂದುಗಡೆ ಕತ್ತಲಿದ್ದರೆ ಒಳ್ಳೆಯದು. ಕಿಡಿ ಉದ್ದ ಗೆರೆಯಾಗಿ ಹೋಗಿ ಅಲ್ಲಲ್ಲಿ ಒಂದೆರಡು ಕವಲೊಡೆದರೆ ಅದು ಇಂಗಾಲ ಕಡಿಮೆಯಿರುವ ಮೆತ್ತನೆಯ ಕಬ್ಬಿಣ. ಗೆರೆಯ ತುದಿಯಲ್ಲಿ ಮತಾಪಿನ ಹೂವಿನ ಹಾಗೆ ಚಟಚಟ ಸಿಡಿದು ಹರಡಿದರೆ ಇಂಗಾಲ ಚೆನ್ನಾಗಿರುವ ಉಕ್ಕು. ಲಾರಿಯ ಹಳೆಯ ಕಮಾನುಪಟ್ಟಿಯನ್ನು ಒಮ್ಮೆ ತಾಗಿಸಿ ನೋಡಿಕೊಂಡರೆ ಹೋಲಿಕೆಗೆ ಒಂದು ಅಳತೆ ಸಿಕ್ಕಂತಾಗುತ್ತದೆ. ನಮ್ಮ ಕಮ್ಮಾರರು ಕತ್ತಿಗೂ ಗುದ್ದಲಿಗೂ ಗುಜರಿಯಲ್ಲಿ ಆ ಪಟ್ಟಿಯನ್ನೇ ಹುಡುಕುವುದಕ್ಕೆ ಕಾರಣ ಇದೇ. ಕಿಡಿ ಹೇಳುವುದು ಉಕ್ಕಿನ ಜಾತಿಯನ್ನಷ್ಟೇ. ಹದ ಇದೆಯೋ ಇಲ್ಲವೋ ತಿಳಿಯಲು ಅರ ಬೇಕು. ಬಾಯಿಯ ಮೇಲೆ ಅರವನ್ನು ಎಳೆದಾಗ ಬೆಣ್ಣೆಗೆ ಕಚ್ಚಿದಂತೆ ಕಚ್ಚಿದರೆ ಹದ ಇಲ್ಲ, ಜಾರಿದರೆ ವಿಪರೀತ ಗಟ್ಟಿ, ಪ್ರತಿರೋಧ ತೋರಿಸಿಯೂ ಕಚ್ಚಿದರೆ ಸರಿಯಾಗಿದೆ. ಹದವಿಲ್ಲದ ಗುದ್ದಲಿಯನ್ನು ನೀವು ಎಷ್ಟು ನೀಲಿ ಮಾಡಿದರೂ ಕಳೆದುಕೊಳ್ಳುವುದೇನೂ ಇಲ್ಲ. ಅದು ಎರಡೇ ದಿನಕ್ಕೆ ಮತ್ತೆ ಮೊಂಡಾಗುತ್ತದೆ ಅಷ್ಟೆ.

ಅಷ್ಟಕ್ಕೂ ಗುದ್ದಲಿ ಮೊಂಡಾಗುವುದು ಯಾಕೆ? ಮೆತ್ತನೆಯ ಮಣ್ಣು ಗಟ್ಟಿ ಉಕ್ಕನ್ನು ಹೇಗೆ ಸವೆಸುತ್ತದೆ? ಮಣ್ಣಿನಲ್ಲಿರುವ ಮರಳು ಬಹುಪಾಲು ಬೆಣಚುಕಲ್ಲಿನ ಪುಡಿ. ಗಟ್ಟಿತನದ ಮೋಸ್ ಅಳತೆಯಲ್ಲಿ ಬೆಣಚಿಗೆ 7, ಹದ ಹಾಕಿದ ಗುದ್ದಲಿಗೆ ಆರರ ಒಳಗೇ. ಅಂದರೆ ಪ್ರತಿ ಏಟಿಗೂ ನಾವು ಗುದ್ದಲಿಯನ್ನು ಸಾಣೆಕಲ್ಲಿನ ರಾಶಿಗೆ ಹೊಡೆಯುತ್ತಿರುತ್ತೇವೆ. ಹೀಗಿರುವಾಗ ಗುದ್ದಲಿಯನ್ನು ಕ್ಷೌರದ ಬ್ಲೇಡಿನಂತೆ ಹರಿತ ಮಾಡಿ ಪ್ರಯೋಜನವಿಲ್ಲ. ಅಂಚು ತೀರಾ ತೆಳುವಾದರೆ ಮೊದಲ ಜಂಬಿಟ್ಟಿಗೆ ಹರಳಿಗೇ ಕಚ್ಚು ಬೀಳುತ್ತದೆ. ತೀರಾ ದಪ್ಪವಾದರೆ ಬೇರು ಕಡಿಯುವುದಿಲ್ಲ. ಎರಡರ ನಡುವಿನ ಇಳಿಜಾರನ್ನು ಆರಿಸಿಕೊಳ್ಳುವುದರಲ್ಲೇ ಸಾಣೆಯ ಜಾಣತನ ಇರುವುದು.

ನನ್ನ ಅನುಭವದಲ್ಲಿ ಕಳೆ ಕೆರೆಯುವ ಸಣ್ಣ ಗುದ್ದಲಿಗೆ 25 ರಿಂದ 30 ಡಿಗ್ರಿ, ಗುಂಡಿ ತೋಡುವ ಗುದ್ದಲಿಗೂ ಸನಿಕೆಗೂ 35ರ ಆಸುಪಾಸು, ಕಲ್ಲುಮಣ್ಣಿನ ಜಾಗವಾದರೆ 45. ಪಿಕಾಸಿಯ ಅಗಲ ಬಾಯಿಗೂ 45 ಬೇಕು. ಅಳೆಯಲು ಕೋನಮಾಪಕ ಹುಡುಕಬೇಕಿಲ್ಲ, ಓದಿ ಮುಗಿಸಿದ ಈ ಪುಟದ ಮೂಲೆ ಸಾಕು. ಮೂಲೆ 90 ಡಿಗ್ರಿ. ಅದನ್ನು ಎರಡು ಪಾಲಾಗಿ ಮಡಚಿದರೆ 45, ಮೂರು ಪಾಲಾಗಿ ಮಡಚಿದರೆ 30. ಮಡಚಿದ ಕಾಗದವನ್ನು ಅಂಚಿನ ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲಿ ನೋಡಿಕೊಂಡರೆ ಮಣ್ಣಿನ ಕೆಲಸಕ್ಕೆ ಅಷ್ಟು ನಿಖರತೆ ಧಾರಾಳವಾಯಿತು. ಇಳಿಜಾರು ಯಾವ ಕಡೆ ಇರಬೇಕು, ಒಳಗೋ ಹೊರಗೋ ಎಂದು ನಮ್ಮೂರಿನಲ್ಲಿ ಎರಡು ಪಕ್ಷಗಳಿವೆ. ನನ್ನ ಪಕ್ಷ ಮೂರನೆಯದು: ಗುದ್ದಲಿ ಮಾಡಿದವನು ಯಾವ ಕಡೆ ಇಳಿಜಾರು ಕೊಟ್ಟಿದ್ದಾನೋ ಅದೇ ಕಡೆ ಉಜ್ಜಿ, ಇನ್ನೊಂದು ಕಡೆಯನ್ನು ಚಪ್ಪಟೆಯಾಗಿಯೇ ಬಿಡಿ. ಎರಡೂ ಕಡೆ ಉಜ್ಜಿದರೆ ಬಾಯಿ ಬೇಗ ತೆಳುವಾಗುತ್ತದೆ, ಗುದ್ದಲಿ ಬೇಗ ಮುಗಿಯುತ್ತದೆ.

ಈಗ ಉಜ್ಜುವ ಕ್ರಮ. ಕಾಲಲ್ಲಿ ಒತ್ತಿ ಹಿಡಿಯುವ ನನ್ನ ಮೊದಲ ದಿನದ ವಿಧಾನವನ್ನು ದಯವಿಟ್ಟು ಮರೆತುಬಿಡಿ. ಕಾವನ್ನು, ಅಂದರೆ ಮರದ ಹಿಡಿಯನ್ನು, ಕುಟ್ಟಿ ಕಳಚಿ, ಗುದ್ದಲಿಯ ತಲೆಯೊಂದನ್ನೇ ಬೆಂಚ್ ವೈಸಿಗೆ ಕಚ್ಚಿಸಿ. ವೈಸ್ ಇಲ್ಲದಿದ್ದರೆ ಎರಡು ಸಿ-ಕ್ಲಾಂಪ್ ಹಾಕಿ ಗಟ್ಟಿ ಮೇಜಿಗೆ ಬಿಗಿಯಿರಿ. ಅಂಟಿದ ಮಣ್ಣನ್ನೂ ಕಿಲುಬನ್ನೂ ತಂತಿ ಬ್ರಷ್ಷಿನಿಂದ ಮೊದಲೇ ತೆಗೆಯಿರಿ. ಇಳಿಜಾರಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೀಚಿಬಿಟ್ಟರೆ ಡಿಸ್ಕ್ ಎಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಎಂಬುದು ಮೊದಲ ಎಳೆತಕ್ಕೇ ಗೊತ್ತಾಗುತ್ತದೆ. ಗೀಚಿದ್ದು ಅಂಚಿನ ಹತ್ತಿರ ಮಾತ್ರ ಅಳಿಸಿದರೆ ಕೋನ ಹೆಚ್ಚಾಗಿದೆ, ಹಿಂದುಗಡೆ ಮಾತ್ರ ಅಳಿಸಿದರೆ ಕಡಿಮೆಯಾಗಿದೆ.

ಡಿಸ್ಕಿನ ಆಯ್ಕೆಯಲ್ಲಿ ಅಂಗಡಿಯವರ ಮಾತು ಕೇಳಬೇಡಿ. ಒಂದು ಮಿಲಿಮೀಟರ್ ದಪ್ಪದ ತೆಳು ಡಿಸ್ಕ್ ಇರುವುದು ಕಬ್ಬಿಣ ತುಂಡರಿಸಲಿಕ್ಕೆ. ಅದರ ಮಗ್ಗುಲನ್ನು ಒತ್ತಿ ಉಜ್ಜಿದರೆ ಅದು ಒಡೆದು ಚೂರುಗಳು ಗುಂಡಿನ ಹಾಗೆ ಹಾರುತ್ತವೆ. ಉಜ್ಜಲು ಇರುವುದು ಆರು ಮಿಲಿಮೀಟರ್ ದಪ್ಪದ ಡಿಸ್ಕ್. ಅದಕ್ಕಿಂತ ನನಗೆ ಇಷ್ಟ ಫ್ಲಾಪ್ ಡಿಸ್ಕ್, ಅಂದರೆ ಉಪ್ಪುಕಾಗದದ ಎಸಳುಗಳನ್ನು ಸೇವಂತಿಗೆಯಂತೆ ಜೋಡಿಸಿದ್ದು. ಅದು ಕಲ್ಲಿನ ಡಿಸ್ಕಿನಷ್ಟು ಶಾಖ ಎಬ್ಬಿಸುವುದಿಲ್ಲ, ಕಚ್ಚಿ ಎಳೆಯುವುದಿಲ್ಲ, ಅಂಚೂ ನಯವಾಗಿ ಬರುತ್ತದೆ. 60ರ ಅಥವಾ 80ರ ನಂಬರಿನದು ಗುದ್ದಲಿಗೆ ಸಾಕು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಅಂಟಿನಿಂದ ಕಟ್ಟಿದ ಡಿಸ್ಕಿಗೂ ಔಷಧಿಯಂತೆ ಅವಧಿ ಇರುತ್ತದೆ. ಒಳ್ಳೆಯ ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ತಯಾರಾಗಿ ಮೂರು ವರ್ಷ ಸಾಮಾನ್ಯ ಮಿತಿ. ತೇವಕ್ಕೆ ಸಿಕ್ಕರೆ ಅಂಟು ಇನ್ನೂ ಮೊದಲೇ ಸೋಲುತ್ತದೆ. ಮಲೆನಾಡಿನ ಮಳೆಗಾಲ ಕಳೆದ ಡಿಸ್ಕನ್ನು ನಾನು ಉಪಯೋಗಿಸುವುದಿಲ್ಲ. ಹಾಗೆಯೇ ಡಿಸ್ಕಿನ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು. ಕವಚ ತೆಗೆದು ದೊಡ್ಡ ಡಿಸ್ಕ್ ತೂರಿಸುವ ಸಾಹಸವನ್ನು ವೆಲ್ಡಿಂಗ್ ಅಂಗಡಿಗಳಲ್ಲಿ ನಾನೇ ನೋಡಿದ್ದೇನೆ. ಅದಕ್ಕೆ ಕ್ಷಮೆಯಿಲ್ಲ.

ಡಿಸ್ಕ್ ತಿರುಗುವ ದಿಕ್ಕು ಮುಖ್ಯ. ಗುದ್ದಲಿಯ ಮೈಯಿಂದ ಅಂಚಿನ ಕಡೆಗೆ ಸಾಗಿ ಆಚೆ ಹೊರಡುವಂತೆ ಅದು ತಿರುಗುತ್ತಿರಬೇಕು. ಕಿಡಿಯೂ ಅಂಚಿನಿಂದಾಚೆಗೆ ಹಾರುತ್ತಿರಬೇಕು. ತಿರುವುಮುರುವಾದರೆ ಡಿಸ್ಕ್ ಅಂಚಿಗೆ ಕಚ್ಚಿಕೊಂಡು ಯಂತ್ರವೇ ಎಗರಿ ನಿಮ್ಮತ್ತ ಬರುತ್ತದೆ. ಎರಡೂ ಕೈಯಲ್ಲಿ ಹಿಡಿಯಿರಿ, ಪಕ್ಕದ ಹಿಡಿಕೆ ಕಳಚಬೇಡಿ. ಯಂತ್ರದ ತೂಕವೇ ಸಾಕು, ಮೇಲಿಂದ ಒತ್ತುವುದು ಬೇಡ. ಬಾಯಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಂಗಳಕ್ಕೆ ಸೆಗಣಿ ಸಾರಿಸುವಾಗ ಕೈ ಹೋಗುವಂತೆ ನಿಲ್ಲದೆ ಸಾಗಬೇಕು. ಮೂಲೆಗಳಲ್ಲಿ ಇನ್ನಷ್ಟು ಬೇಗ ದಾಟಿ, ಅಲ್ಲಿ ಶಾಖ ಹರಡಲು ಜಾಗ ಇನ್ನೂ ಕಡಿಮೆ. ಎಲ್ಲಕ್ಕಿಂತ ಮೊದಲು ನೀಲಿ ತಿರುಗುವುದೇ ಮೂಲೆ. ತೀರಾ ಕಚ್ಚುಬಿದ್ದ ಬಾಯಾದರೆ ಮೊದಲು ಇಳಿಜಾರಿಗೆ ಕೈಹಾಕದೆ, ಅಂಚನ್ನು ನೇರ ಎದುರಿನಿಂದ ಉಜ್ಜಿ ಕಚ್ಚುಗಳನ್ನೆಲ್ಲ ಸಮ ಮಾಡಿಕೊಳ್ಳಿ. ಅಂಚು ದಪ್ಪವಾಗಿರುವಾಗ ಈ ಕೆಲಸ ಮುಗಿಸಿದರೆ ಸುಡುವ ಭಯ ಕಡಿಮೆ.

ಇಳಿಜಾರು ಅಂಚಿಗೆ ತಲುಪಿದ್ದು ಹೇಗೆ ಗೊತ್ತಾಗುತ್ತದೆ? ಗುದ್ದಲಿಯ ಹಿಂಬದಿಯಲ್ಲಿ ಬೆರಳನ್ನು ಅಂಚಿನಿಂದ ಆಚೆಗೆ ಸವರಿದರೆ ಕೂದಲಿನಷ್ಟು ಸಣ್ಣ ಚೂರು ಮಡಚಿಕೊಂಡು ತರಿತರಿಯಾಗಿ ತಾಗುತ್ತದೆ. ಇಡೀ ಬಾಯಿಯುದ್ದಕ್ಕೂ ಅದು ತಾಗಿದರೆ ಯಂತ್ರದ ಕೆಲಸ ಮುಗಿಯಿತು, ಪ್ಲಗ್ ಕಳಚಿ. ಆ ತರಿಯನ್ನು ಅರದಿಂದ ಹಿಂಬದಿಯಲ್ಲಿ ಎರಡು ಸಲ ಚಪ್ಪಟೆಯಾಗಿ ಎಳೆದು ತೆಗೆಯಬೇಕು. ತೆಗೆಯದೆ ಬಿಟ್ಟರೆ ಅದು ಮೊದಲ ಹತ್ತು ಏಟಿನಲ್ಲಿ ತಾನೇ ಮುರಿದು ಜೊತೆಗೆ ಒಳ್ಳೆಯ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ.

ಮೇಜಿಗೆ ಕೂರಿಸುವ ಬೆಂಚ್ ಗ್ರೈಂಡರ್ ಇರುವವರಿಗೆ ಕೆಲಸ ಇನ್ನೂ ಸಲೀಸು. ಅದರ ಆರಿಂಚಿನ ಚಕ್ರ ನಿಮಿಷಕ್ಕೆ 2,800ರಷ್ಟೇ ಸುತ್ತುತ್ತದೆ, ಆಧಾರದ ಪಟ್ಟಿಯ ಮೇಲೆ ಗುದ್ದಲಿ ಇಟ್ಟರೆ ಕೋನವೂ ಕದಲುವುದಿಲ್ಲ. ಆ ಪಟ್ಟಿಗೂ ಚಕ್ರಕ್ಕೂ ನಡುವೆ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು, ಇದ್ದರೆ ಅಂಚು ಆ ಸಂದಿಗೆ ನುಗ್ಗಿ ಚಕ್ರ ಸಿಡಿಯಬಹುದು. ಹೊಸ ಚಕ್ರ ಹಾಕುವ ಮುನ್ನ ಅದನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕೇಳಿ. ಟಣ್ ಎಂದರೆ ಸರಿ. ಬಿರುಕು ಬಿಟ್ಟ ಮಡಕೆಯಂತೆ ಬೋದು ಸದ್ದು ಬಂದರೆ ಅಂಗಡಿಗೆ ವಾಪಸು. ಸಂತೆಯಲ್ಲಿ ಮಡಕೆ ಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಯಂತ್ರ ಚಾಲೂ ಮಾಡಿದ ಮೊದಲ ಒಂದು ನಿಮಿಷ ಚಕ್ರದ ಎದುರು ನಿಲ್ಲಬೇಡಿ. ಇಲ್ಲಿ ಕೈಗವಸೂ ಬೇಡ, ಚಕ್ರಕ್ಕೆ ಸಿಕ್ಕಿಕೊಂಡರೆ ಗವಸಿನ ಜೊತೆ ಕೈಯೂ ಹೋಗುತ್ತದೆ.

ಸಾಣೆಕಲ್ಲಿನ ಇತಿಹಾಸದಲ್ಲಿ ಒಂದು ದುಃಖದ ಪುಟವಿದೆ. ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಫೋರ್ಕುಗಳಿಗೆ ಹೆಸರಾದ ಊರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸಾಣೆಯವರು ಮರಳುಗಲ್ಲಿನ ದೊಡ್ಡ ಚಕ್ರಗಳ ಮುಂದೆ ದಿನವಿಡೀ ಬಗ್ಗಿ ಕೂರುತ್ತಿದ್ದರು. ನೀರು ಬಿಡದೆ ಒಣಗಲ್ಲಿನಲ್ಲೇ ಫೋರ್ಕು ಉಜ್ಜುತ್ತಿದ್ದವರ ಎದೆಗೆ ಕಲ್ಲಿನ ದೂಳು ತುಂಬಿ, ಬಹಳಷ್ಟು ಮಂದಿ ಮೂವತ್ತರ ಆಸುಪಾಸಿನಲ್ಲೇ ಸಾಯುತ್ತಿದ್ದರು. ಆ ಊರಿನ ವೈದ್ಯ ಜಾರ್ಜ್ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. 1890ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ತಯಾರಿಸಿದ ಮೇಲೆ ಕೃತಕ ಸಾಣೆಕಲ್ಲುಗಳು ಬಂದವು, ಮರಳುಗಲ್ಲು ಹಿಂದೆ ಸರಿಯಿತು. ಇಂದು ಉಕ್ಕಿಗೆ ಬಳಸುವ ಕಲ್ಲು ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡಿನದು. ಕಾರ್ಬೊರಂಡಮ್ ಕಲ್ಲಿಗೂ ಎರಕದ ಕಬ್ಬಿಣಕ್ಕೂ ಸೂಕ್ತ. ಕೈಯಲ್ಲಿ ಹಿಡಿಯುವ ಇಂದಿನ ರೂಪದ ಆಂಗಲ್ ಗ್ರೈಂಡರನ್ನು 1954ರಲ್ಲಿ ಹೊರತಂದದ್ದು ಜರ್ಮನಿಯ ಆಕರ್‌ಮನ್ ಅಂಡ್ ಸ್ಮಿಟ್ ಕಂಪನಿ. ನಾವು ಫೋಟೊಕಾಪಿಗೆ ಝೆರಾಕ್ಸ್ ಎನ್ನುವಂತೆ ಅಲ್ಲಿನ ಜನ ಈ ಯಂತ್ರವನ್ನು ಆ ಕಂಪನಿಯ ‘ಫ್ಲೆಕ್ಸ್’ ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಕಲ್ಲು ಬದಲಾಗಿದೆ ಎಂದು ಮೂಗಿಗೆ ಮಾಸ್ಕ್ ಬೇಡವೆಂದಲ್ಲ. ಗುದ್ದಲಿಯ ಬಣ್ಣ, ಕಿಲುಬು, ಡಿಸ್ಕಿನ ಅಂಟು ಎಲ್ಲ ದೂಳಾಗಿ ಒಳಗೆ ಹೋಗುತ್ತವೆ. ಸತು ಲೇಪಿಸಿದ ಸನಿಕೆಯನ್ನಂತೂ ಮುಚ್ಚಿದ ಕೋಣೆಯಲ್ಲಿ ಉಜ್ಜಬಾರದು.

ಕಣ್ಣಿನ ವಿಷಯಕ್ಕೆ ಬಂದರೆ ಓದುವ ಕನ್ನಡಕ ಲೆಕ್ಕಕ್ಕಿಲ್ಲ. ಪಕ್ಕವೂ ಮುಚ್ಚಿದ ಕನ್ನಡಕ ಬೇಕು, ಅದರ ಮೇಲೆ ಮುಖದ ಕವಚ ಇದ್ದರೆ ಇನ್ನೂ ಒಳ್ಳೆಯದು. ಬಿಸಿ ಚೂರು ಕಣ್ಣಿನ ಕಪ್ಪುಗುಡ್ಡೆಗೆ ಅಂಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಅದರ ಸುತ್ತ ಕಿಲುಬಿನ ಉಂಗುರ ಕಟ್ಟತೊಡಗುತ್ತದೆ. ಉಜ್ಜಬೇಡಿ, ಸೀರೆ ಸೆರಗಿನ ತುದಿಯಿಂದ ತೆಗೆಸಬೇಡಿ, ನೇರ ಕಣ್ಣಿನ ಡಾಕ್ಟರ ಬಳಿ ಹೋಗಿ. ಲುಂಗಿ, ಪಂಚೆ, ಹೆಗಲ ಮೇಲಿನ ಟವೆಲ್, ದುಪಟ್ಟಾ ಇವೆಲ್ಲ ತಿರುಗುವ ಡಿಸ್ಕಿಗೆ ಆಹ್ವಾನ. ನಮ್ಮ ಕಡೆಯ ಕೊಟ್ಟಿಗೆಗಳಲ್ಲಿ ಇನ್ನೊಂದು ಅಪಾಯವಿದೆ: ಒಂದು ಮೂಲೆಯಲ್ಲಿ ಒಣ ಅಡಿಕೆ ಸಿಪ್ಪೆ, ಅಟ್ಟದಲ್ಲಿ ಸೋಗೆ, ಪಕ್ಕದಲ್ಲೇ ಕಳೆ ಕತ್ತರಿಸುವ ಯಂತ್ರದ ಪೆಟ್ರೋಲ್ ಕ್ಯಾನು. ಕಿಡಿ ನಾಲ್ಕೈದು ಅಡಿ ಸಲೀಸಾಗಿ ಹಾರುತ್ತದೆ, ಸಿಪ್ಪೆಯೊಳಗೆ ಬಿದ್ದರೆ ನೀವು ಊಟಕ್ಕೆ ಹೋದ ಮೇಲೆ ಹೊಗೆಯಾಡಲು ಶುರುವಾಗುತ್ತದೆ. ಅಂಗಳಕ್ಕೆ ಬನ್ನಿ. ಒದ್ದೆ ನೆಲದಲ್ಲಿ, ತೇಪೆ ಹಾಕಿದ ವಯರಿನಲ್ಲಿ ಮಾತ್ರ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತೀರ್ಮಾನವನ್ನೂ ಹೇಳಬೇಕು. ಗ್ರೈಂಡರನ್ನು ನಾನು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಹೊರತೆಗೆಯುತ್ತೇನೆ. ಕಚ್ಚು ಬಿದ್ದಾಗ, ಇಳಿಜಾರು ಹಾಳಾದಾಗ ಅದು ಬೇಕು. ವಾರವಾರದ ಹರಿತಕ್ಕೆ ಹತ್ತಿಂಚಿನ ಒರಟು ಅರ ಸಾಕು. ಅದು ಕಚ್ಚುವುದು ಮುಂದಕ್ಕೆ ತಳ್ಳುವಾಗ ಮಾತ್ರ; ಹಿಂದಕ್ಕೆ ತರುವಾಗ ಎತ್ತಿ ತನ್ನಿ, ಹಲ್ಲು ಉಳಿಯುತ್ತದೆ. ಇಪ್ಪತ್ತು ಸಲ ತಳ್ಳಿದರೆ ಗುದ್ದಲಿ ಮತ್ತೆ ಬೇರು ಕಡಿಯುತ್ತದೆ. ಕಾವು ಕಳಚುವ, ನೀರು ತರುವ, ಪ್ಲಗ್ ಹುಡುಕುವ ಹೊತ್ತಿನಲ್ಲಿ ಅರದ ಕೆಲಸ ಮುಗಿದಿರುತ್ತದೆ. ಕೆಲಸವಾದ ಮೇಲೆ ಮಣ್ಣು ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಸವರಿ ನೇತುಹಾಕಿದರೆ ಕಿಲುಬೂ ಹತ್ತಿರ ಬರುವುದಿಲ್ಲ. ಕೆಲವರು ಸುಟ್ಟ ಎಂಜಿನ್ ಆಯಿಲ್ ಬಳಿಯುತ್ತಾರೆ. ಮರುದಿನ ಅದೇ ಗುದ್ದಲಿ ಸೊಪ್ಪಿನ ಮಡಿಗೆ ಇಳಿಯುತ್ತದೆ ಎಂಬುದು ನೆನಪಿರಲಿ.

ಹಾರೆ, ಪಿಕಾಸಿಗಳ ಮೊನೆಗೆ ಮಾತ್ರ ನಾನು ಯಂತ್ರ ಮುಟ್ಟಿಸುವುದಿಲ್ಲ. (ನಾನು ಹಾರೆ ಎನ್ನುತ್ತಿರುವುದು ಉದ್ದನೆಯ ಕಬ್ಬಿಣದ ಸಲಾಕೆಗೆ, ಗಡಾರಿ ಎನ್ನುವ ಊರಿನವರು ಹಾಗೇ ಓದಿಕೊಳ್ಳಿ.) ಮೊನೆ ಮೊಂಡಾಗಿ ಗುಂಡಗಾದ ಹಾರೆಯನ್ನು ಗ್ರೈಂಡರಿನಲ್ಲಿ ಚೂಪು ಮಾಡುವುದೆಂದರೆ ಪೆನ್ಸಿಲ್ ಹೆರೆದ ಹಾಗೆ. ಉಕ್ಕು ದೂಳಾಗಿ ಹೋಗುತ್ತದೆ, ಹಾರೆ ಗಿಡ್ಡವಾಗುತ್ತದೆ. ಆಚಾರ್ರು ಅದನ್ನೇ ಕಾಯಿಸಿ ಹಣಿದರೆ ಅದೇ ಉಕ್ಕು ಮುಂದಕ್ಕೆ ಹರಿದು ಮೊನೆಯಾಗುತ್ತದೆ, ನಷ್ಟ ತೀರಾ ಕಡಿಮೆ, ಮೇಲಿಂದ ಹೊಸ ಹದ. ಗುದ್ದಲಿಯಾದರೂ ಅಷ್ಟೆ. ಅಪ್ಪನ ಗುದ್ದಲಿ ಅಷ್ಟು ವರ್ಷ ಬಾಳಿದ್ದು ಸವೆದಾಗಲೆಲ್ಲ ಹಣಿಸುತ್ತಿದ್ದುದರಿಂದ. ಆಯದ ಕಾಲದಲ್ಲಿ ಸುಗ್ಗಿಗೆ ಇಷ್ಟು ಭತ್ತ ಎಂದು ಅಳೆದುಕೊಟ್ಟರೆ ಕಮ್ಮಾರರು ವರ್ಷವಿಡೀ ಊರಿನ ಕುಳ, ಕತ್ತಿ, ಗುದ್ದಲಿಗಳನ್ನು ನೋಡಿಕೊಳ್ಳುತ್ತಿದ್ದರು. ಈಗ ಆ ಲೆಕ್ಕ ಇಲ್ಲ, ಕುಲುಮೆಗಳೂ ಕಡಿಮೆ. ನಮ್ಮ ಆಚಾರ್ರ ಕುಲುಮೆಯಲ್ಲೂ ಗೋಡೆಗೆ ಒಂದು ಆಂಗಲ್ ಗ್ರೈಂಡರ್ ನೇತಾಡುತ್ತಿದೆ. ಆಯುಧಪೂಜೆಯ ದಿನ ಸುತ್ತಿಗೆಯ ಪಕ್ಕದಲ್ಲಿ ಅದಕ್ಕೂ ಕುಂಕುಮ ಇಟ್ಟಿದ್ದರು. ಅವರು ಅದನ್ನು ಕಿಲುಬು ತೆಗೆಯಲು, ಗುಜರಿ ಪಟ್ಟಿ ತುಂಡರಿಸಲು ಬಳಸುತ್ತಾರೆ. ಹದ ಹಾಕಿದ ಬಾಯಿಯ ಹತ್ತಿರ ಅದನ್ನು ತಂದದ್ದನ್ನು ನಾನು ಕಂಡಿಲ್ಲ.

ಅವರ ಕುಲುಮೆ ಈಗ ವಾರಕ್ಕೆ ಎರಡೇ ದಿನ ಉರಿಯುತ್ತದೆ. ನಿಮ್ಮ ಕಡೆಯೂ ಹೆಚ್ಚುಕಡಿಮೆ ಹೀಗೇ ಇರಬಹುದು. ಹಣಿಸಬೇಕಾದ ಹಾರೆ, ಪಿಕಾಸಿಗಳಿದ್ದರೆ ಈ ವಾರವೇ ಕೊಟ್ಟು ಬನ್ನಿ. ಮೊದಲ ಮಳೆ ಬಿದ್ದ ಮೇಲೆ ಸರತಿ ಹದಿನೈದು ದಿನಕ್ಕೆ ಹೋಗುತ್ತದೆ.